ಓದುಗರ ಓಲೆ: ಮನೆಯಲ್ಲಿ ನೋಡಿದ ಚಿತ್ರಗಳು, ಮನೆಮಂದಿಯ ತಕರಾರುಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇತ್ತೀಚೆಗೆ ಮನೆಯಲ್ಲಿ ಕುಳಿತು ನೋಡಿದ ಚಿತ್ರಗಳನ್ನು ಕುರಿತವು. ಚಿತ್ರ ಚೆನ್ನಾಗಿದೆಯೇ ಎಂದು ಕೇಳಿದವರು ಕಡಿಮೆ. ಚಿತ್ರ ಮುಗಿದ ಮೇಲೆ ಮನೆಯಲ್ಲಿ ಎದ್ದ ವಾದವನ್ನು ಬಗೆಹರಿಸಿಕೊಡಿ ಎಂದು ಕೇಳಿದವರೇ ಹೆಚ್ಚು. ಪಂಚಾಯಿತಿ ನಮ್ಮ ಕೆಲಸವಲ್ಲವಾದರೂ ತೀರ್ಪು ಕೊಡಲು ಸಂಕೋಚವಿಲ್ಲ.

ಪ್ರಶ್ನೆ: ‘ಶಿವಮ್ಮ ಯರೇಹಂಚಿನಾಳ’ ಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡಿದೆವು. ನಮ್ಮ ಅವ್ವ ಒಮ್ಮೆಯೂ ಎದ್ದು ಹೋಗದೆ ನೋಡಿದರು. ಕಾಲೇಜಿಗೆ ಹೋಗುವ ಮಗ ಮಾತ್ರ, ಇದರಲ್ಲಿ ಏನೂ ಆಗುವುದೇ ಇಲ್ಲ, ಇದು ಸಾಕ್ಷ್ಯಚಿತ್ರ ಎಂದು ಅರ್ಧಕ್ಕೇ ಮೊಬೈಲ್ ಕೈಗೆತ್ತಿಕೊಂಡ. ಯಾರ ಮಾತು ಸರಿ?
(ಓದುಗರು, ರಾಣೆಬೆನ್ನೂರು)

ನಮ್ಮ ಮತ ತಮ್ಮ ತಾಯಿಯವರಿಗೆ. ಆದರೆ ಮಗನ ಮಾತನ್ನೂ ತುಸು ಪರೀಕ್ಷಿಸಿ ನೋಡೋಣ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ನಡುವಯಸ್ಸಿನ ಹೆಂಗಸೊಬ್ಬಳು, ಮಗಳ ಮದುವೆ ಎದುರಿಗಿರುವಾಗ, ಇದ್ದಬಿದ್ದ ಹಣವನ್ನು ಶಕ್ತಿವರ್ಧಕ ಪೇಯವೊಂದರ ಚೈನ್ ಲಿಂಕ್ ವ್ಯಾಪಾರಕ್ಕೆ ಸುರಿಯುತ್ತಾಳೆ. ಸುರಿದದ್ದನ್ನು ಮರಳಿ ಪಡೆಯಲು ತನ್ನದೇ ಊರಿನವರ ಹೊಸ್ತಿಲು ತುಳಿಯುತ್ತಾಳೆ. ಇದು ಏನೂ ಆಗದ ಕಥೆಯಾದರೆ, ಏನಾದರೂ ಆಗುವ ಕಥೆ ಯಾವುದು ಎಂದು ಅವನನ್ನೇ ಕೇಳಬೇಕು. ಇಂಥ ವ್ಯಾಪಾರದ ಹಿಕಮತ್ತೇ ಅದು: ಅಪರಿಚಿತರಿಗೆ ಮಾರುವುದು ಕಷ್ಟವಾದ್ದರಿಂದ ಮೊದಲ ಗಿರಾಕಿಗಳು ಬೀಗರು, ನೆರೆಹೊರೆಯವರು, ಸಂಘದ ಗೆಳತಿಯರೇ ಆಗಿರುತ್ತಾರೆ, ಹಾಗಾಗಿ ಹಣ ಮುಳುಗಿದಾಗ ಸಂಬಂಧವೂ ಅದರೊಂದಿಗೇ ಮುಳುಗುತ್ತದೆ. ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳಲ್ಲಿ ಇದನ್ನು ಕಾಣದವರು ಯಾರಿದ್ದಾರೆ? ತಮ್ಮ ತಾಯಿಯವರು ಎದ್ದು ಹೋಗದಿದ್ದುದಕ್ಕೆ ಇದೇ ಕಾರಣವಿರಬೇಕು. ಶಿವಮ್ಮ ಯಾರ ಮನೆಯ ಬಾಗಿಲು ಬಡಿದರೆ ಏನಾಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಪ್ರತಿ ಬಾಗಿಲೂ ಅವರಿಗೆ ಒಂದು ಘಟನೆಯಾಗಿ ಕಂಡಿತು.

ಸಾಕ್ಷ್ಯಚಿತ್ರ ಎಂಬ ಮಾತಿಗೂ ಆಧಾರವಿಲ್ಲದೆ ಇಲ್ಲ. ನಿರ್ದೇಶಕ ಜೈಶಂಕರ್ ಆರ್ಯರ್ ಅವರು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಊರಿನಲ್ಲೇ, ವೃತ್ತಿನಟರಲ್ಲದ ಜನರನ್ನು ಇಟ್ಟುಕೊಂಡು ಚಿತ್ರ ಮಾಡಿದ್ದಾರೆ. 2022ರಲ್ಲಿ ಬೂಸಾನ್ ಚಿತ್ರೋತ್ಸವದ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆದ ಈ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ಶಿವಮ್ಮನ ಪಾತ್ರ ವಹಿಸಿದ ಶರಣಮ್ಮ ಚೆಟ್ಟಿ ಅವರ ಮುಖದಲ್ಲಿ ನಟನೆಯ ಗೆರೆ ಹುಡುಕಿದರೂ ಸಿಗದು. ಮಗನಿಗೆ ಅದೇ ಮೋಸ ಮಾಡಿರಬಹುದು. ಹಾಗೆಂದು ಚಿತ್ರದಲ್ಲಿ ಕೊರತೆಯೇ ಇಲ್ಲವೆಂದಲ್ಲ. ನಡುಭಾಗದಲ್ಲಿ ಒಂದೇ ಬಗೆಯ ಭೇಟಿಗಳು ಮತ್ತೆ ಮತ್ತೆ ಬಂದು ಓಟ ತಗ್ಗುತ್ತದೆ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಚಿತ್ರಮಂದಿರದಲ್ಲಿ ಅಂಥ ಹತ್ತು ನಿಮಿಷವನ್ನು ಕುರ್ಚಿಯೇ ದಾಟಿಸುತ್ತದೆ. ಮನೆಯಲ್ಲಿ ಕೈಗೆ ಮೊಬೈಲ್ ಸಿಗುತ್ತದೆ, ಅಲ್ಲಿಂದ ಮುಂದೆ ನಿಧಾನವಾದದ್ದು ಚಿತ್ರವೋ ನೋಡುವವನೋ ಹೇಳುವುದು ಕಷ್ಟ. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಇನ್ನೊಮ್ಮೆ ನೋಡಲು ಹೇಳಿ. ಆಗಲೂ ಹಿಡಿಸದಿದ್ದರೆ ಅವನ ಅಭಿಪ್ರಾಯಕ್ಕೆ ಬೆಲೆ ಕೊಡೋಣ.

ಪ್ರಶ್ನೆ: ‘ಸು ಫ್ರಮ್ ಸೋ’ ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಅತ್ತೆಯವರಿಗೆ ಮಾತ್ರ ಆ ಕನ್ನಡ ತಲೆಗೆ ಹೋಗಲಿಲ್ಲ. ಕರಾವಳಿಯ ಮಾತಿನಲ್ಲಿ ಇಷ್ಟು ಚೆನ್ನಾಗಿ ಚಿತ್ರ ಮಾಡುವಾಗ ನಮ್ಮ ಹುಬ್ಬಳ್ಳಿ ಮಾತಿನಲ್ಲಿ ಏಕೆ ಬರುವುದಿಲ್ಲ?
(ಓದುಗರು, ಕೇಶ್ವಾಪುರ, ಹುಬ್ಬಳ್ಳಿ)

ಮೊದಲು ಚಿತ್ರದ ವಿಷಯ. ಜೆ.ಪಿ. ತುಮಿನಾಡ್ ಅವರು ನಿರ್ದೇಶಿಸಿ, ಅಶೋಕನಾಗಿ ತಾವೇ ನಟಿಸಿದ ಈ ಚಿತ್ರ 2025ರ ಜುಲೈನಲ್ಲಿ ತೆರೆಗೆ ಬಂತು. ಪೇಚಿಗೆ ಸಿಕ್ಕ ಹುಡುಗನೊಬ್ಬ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ; ಸೋಮೇಶ್ವರದ ಸುಲೋಚನಾ ಎಂಬ ಸತ್ತ ಹೆಂಗಸಿನ ಹೆಸರು ಊರಿನ ಬಾಯಿಗೆ ಬೀಳುತ್ತದೆ; ನಟನೆ ಸುಳ್ಳಾದರೂ ಊರಿನ ನಂಬಿಕೆ ನಿಜವಾಗುತ್ತಾ ಹೋಗುತ್ತದೆ. ನಗುವಿನ ಮೊದಲರ್ಧವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ನಮಗೆ ಹೆಚ್ಚು ಹಿಡಿಸಿದ್ದು, ಸತ್ತವಳ ಮಗಳು ಕಥೆಯೊಳಗೆ ಬಂದ ಮೇಲೆ ಅದೇ ಊರಿನವರು ತಮ್ಮ ಅಂಜಿಕೆಯನ್ನೇ ಒಂದು ಒಳ್ಳೆಯ ಕೆಲಸಕ್ಕೆ ಬಳಸಿಕೊಳ್ಳುವ ರೀತಿ. ಅಲ್ಲಿ ಓಟ ಸ್ವಲ್ಪ ತೊಡರುತ್ತದೆ, ಆದರೆ ಚಿತ್ರಕ್ಕೆ ತೂಕ ಬರುವುದೂ ಅಲ್ಲಿಯೇ.

ಇನ್ನು ಮಾತಿನ ಪ್ರಶ್ನೆ. ನಮ್ಮ ಕಡೆಯ ಮಾತು ತೆರೆಗೆ ಬಂದೇ ಇಲ್ಲವೆನ್ನುವುದು ಪೂರ್ತಿ ಸರಿಯಲ್ಲ. ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ಟಿ.ಎಸ್. ನಾಗಾಭರಣ ಅವರು 1997ರಲ್ಲಿ ಮಾಡಿದ ‘ನಾಗಮಂಡಲ’ವನ್ನು ಅತ್ತೆಯವರಿಗೆ ತೋರಿಸಿ, ಸಿ. ಅಶ್ವತ್ಥ್ ಅವರ ಸಂಗೀತದ ಹಾಡುಗಳು ಬಂದಾಗ ಅವರು ದನಿಗೂಡಿಸಿದರೆ ಆಶ್ಚರ್ಯವಿಲ್ಲ. ಅದೇ ನಿರ್ದೇಶಕರ ‘ಸಂತ ಶಿಶುನಾಳ ಶರೀಫ’ 1990ರದು. ಶ್ರೀಧರ್ ಅವರು ಶರೀಫರಾಗಿ, ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ನಟಿಸಿದ್ದಾರೆ. ಶಿಶುನಾಳ ತಮ್ಮ ಊರಿನಿಂದ ದೂರವೇನೂ ಅಲ್ಲ.

ಆದರೆ ತಮ್ಮ ದೂರಿನ ತಿರುಳು ಬೇರೆ, ಅದು ನಮ್ಮದೂ ಹೌದು. ಹಾಸ್ಯಪಾತ್ರ, ಮನೆಯಾಳು, ರೌಡಿ ಇವರಿಗಷ್ಟೇ ಉತ್ತರ ಕರ್ನಾಟಕದ ಮಾತು ಕೊಟ್ಟು, ನಾಯಕ ನಾಯಕಿಯರಿಗೆ ಬೆಂಗಳೂರಿನ ಕನ್ನಡ ಕೊಡುವ ರೂಢಿ ಬಹಳ ಕಾಲದಿಂದ ನಡೆದುಬಂದಿದೆ. ಅಂಥ ಪಾತ್ರಗಳ ಮಾತನ್ನು ಕಿವಿಗೊಟ್ಟು ಕೇಳಿ: ‘ಲೇ ಮಗನ’ ಎಂದು ಆರಂಭಿಸಿ, ಪ್ರತಿ ಮಾತಿನ ಕೊನೆಗೂ ‘ಐತಿ’ ಸೇರಿಸಿದರೆ ಕೆಲಸ ಮುಗಿಯಿತೆಂದು ಬರೆದವರು ತಿಳಿದಂತಿರುತ್ತದೆ. ಮಾಳಮಡ್ಡಿಯ ಮನೆಯೊಳಗಿನ ಮಾತು, ಹಳೇಹುಬ್ಬಳ್ಳಿಯ ಓಣಿಯ ಮಾತು, ರೋಣದ ಹೊಲದ ಮಾತು ಒಂದೇ ಅಲ್ಲ ಎಂಬುದು ಅವರ ಕಿವಿಗೆ ಬಿದ್ದಿಲ್ಲ. ‘ಸು ಫ್ರಮ್ ಸೋ’ ಗೆದ್ದಿರುವುದು ಬರೆದವರು, ನಟಿಸಿದವರು ಆ ಮಾತಿನಲ್ಲೇ ಬೆಳೆದವರಾದ್ದರಿಂದ. ನಮ್ಮ ಕಡೆ ರಂಗಭೂಮಿಯ ನಟರಿಗೆ ಬರವಿಲ್ಲ. ಬರಬೇಕಾದದ್ದು ಅವರಿಗೆ ಮುಖ್ಯ ಪಾತ್ರ ಕೊಡುವ ಧೈರ್ಯ.

ಪ್ರಶ್ನೆ: ಹೊಸ ಟಿವಿಯಲ್ಲಿ ಚಿತ್ರ ಹಾಕಿದರೆ ಮಾತು ಕೇಳಿಸುವುದಿಲ್ಲ. ಧ್ವನಿ ಏರಿಸಿದರೆ ಹೊಡೆದಾಟ ಬಂದಾಗ ಓಣಿಯೆಲ್ಲ ಎದ್ದು ಕೂಡುತ್ತದೆ. ರಿಮೋಟು ಕೆಳಗಿಡುವಂತೆಯೇ ಇಲ್ಲ. ದೋಷ ಟಿವಿಯದೋ, ಚಿತ್ರದ್ದೋ, ನನ್ನ ಕಿವಿಯದೋ?
(ಓದುಗರು, ಸಪ್ತಾಪುರ, ಧಾರವಾಡ)

ಕಿವಿಯ ಮೇಲೆ ತಪ್ಪು ಹೊರಿಸಬೇಡಿ. ಚಿತ್ರಮಂದಿರಕ್ಕಾಗಿ ಧ್ವನಿ ಸಂಯೋಜಿಸುವಾಗ ಮಾತನ್ನು ಬಹುಮಟ್ಟಿಗೆ ಪರದೆಯ ನಡುವಿನ ಸ್ಪೀಕರಿಗೆ ಕೊಡುತ್ತಾರೆ; ಸಂಗೀತ, ಸದ್ದುಗದ್ದಲ ಸುತ್ತಲಿನ ಸ್ಪೀಕರುಗಳಿಗೆ ಹಂಚಿಹೋಗುತ್ತವೆ. ಮನೆಯ ಟಿವಿಯಲ್ಲಿ ಇರುವುದು ಸಾಮಾನ್ಯವಾಗಿ ಎರಡೇ ಸ್ಪೀಕರು. ಎಲ್ಲವನ್ನೂ ಆ ಎರಡರೊಳಗೆ ತುರುಕಿದಾಗ ಮಾತು ಉಳಿದ ಸದ್ದಿನ ಅಡಿಗೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ, ಟಿವಿ ತೆಳ್ಳಗಾದಂತೆಲ್ಲ ಸ್ಪೀಕರುಗಳು ಎದುರಿನಿಂದ ಕೆಳಕ್ಕೆ ಅಥವಾ ಹಿಂಬದಿಗೆ ಹೋಗಿವೆ. ಮಾತು ಮೊದಲು ಗೋಡೆಗೆ ಬಡಿದು ಆಮೇಲೆ ತಮ್ಮ ಕಡೆ ಬರುತ್ತದೆ. ದೊಡ್ಡ ಸದ್ದು ಮತ್ತು ಪಿಸುಮಾತಿನ ನಡುವಿನ ಅಂತರವನ್ನೂ ನಿಶ್ಶಬ್ದವಾದ ದೊಡ್ಡ ಸಭಾಂಗಣಕ್ಕೆ ತಕ್ಕಂತೆ ಇಟ್ಟಿರುತ್ತಾರೆ. ಫ್ಯಾನು ತಿರುಗುತ್ತಿರುವ, ಒಳಗೆ ಕುಕ್ಕರು ಕೂಗುತ್ತಿರುವ ಪಡಸಾಲೆಗೆ ಅದು ಹೊಂದುವುದಿಲ್ಲ.

ಚಿತ್ರ ಆರಂಭಿಸಿದ ಕೂಡಲೇ ಆಡಿಯೋ ಆಯ್ಕೆಯನ್ನು ತೆರೆದು 5.1 (ಸುತ್ತಲಿನ ಸ್ಪೀಕರುಗಳಿಗೆಂದು ಹಂಚಿದ ಧ್ವನಿ) ಇದ್ದಲ್ಲಿ ಸ್ಟೀರಿಯೋ (ಎರಡೇ ಸ್ಪೀಕರಿಗೆ ಹೊಂದಿಸಿದ್ದು) ಆಯ್ದುಕೊಳ್ಳಿ. ಟಿವಿಯ ಧ್ವನಿ ವಿಭಾಗದಲ್ಲಿ ಮಾತನ್ನು ಸ್ಪಷ್ಟಗೊಳಿಸುವ ಆಯ್ಕೆ, ರಾತ್ರಿಯ ಆಯ್ಕೆ ಇದ್ದರೆ ಅವನ್ನು ಬಳಸಿ. ರಾತ್ರಿಯ ಆಯ್ಕೆ ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಎತ್ತುತ್ತದೆ. ಸೌಂಡ್‌ಬಾರ್ ಕೊಳ್ಳುವುದೇ ಆದರೆ ನಡುವೆ ಮಾತಿಗೆಂದೇ ಸ್ಪೀಕರ್ ಇರುವುದನ್ನು ನೋಡಿ ಕೊಳ್ಳಿ. ಅಂಗಡಿಯಲ್ಲಿ ಹಾಡು ಹಾಕಿ ಕೇಳಿಸುತ್ತಾರೆ. ತಾವು ಪಿಸುಮಾತಿನ ದೃಶ್ಯವೊಂದನ್ನು ಹಾಕಿಸಿ ಕೇಳಿ.

ಪ್ರಶ್ನೆ: ಯಾವ ಚಿತ್ರ ಹಾಕಿದರೂ ನಮ್ಮ ಟಿವಿಯಲ್ಲಿ ಧಾರಾವಾಹಿಯಂತೆ ಕಾಣುತ್ತದೆ. ಏಕೆ?
(ಓದುಗರು, ಮುಳಗುಂದ ನಾಕಾ, ಗದಗ)

ಚಿತ್ರವನ್ನು ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರೀಕರಿಸುತ್ತಾರೆ. ಟಿವಿಯು ಅವುಗಳ ನಡುವೆ ತಾನೇ ಹೊಸ ಚೌಕಟ್ಟುಗಳನ್ನು ಹುಟ್ಟಿಸಿ ಸೇರಿಸುವುದರಿಂದ ಚಲನೆ ಅತಿ ನುಣುಪಾಗುತ್ತದೆ. ಮೋಷನ್ ಎಂಬ ಹೆಸರಿನೊಂದಿಗೆ ಇರುವ ಆ ಆಯ್ಕೆಯನ್ನು ಆಫ್ ಮಾಡಿಬಿಡಿ, ಕ್ರಿಕೆಟ್ಟಿಗೆ ಬೇಕೆನಿಸಿದರೆ ಮತ್ತೆ ಹಚ್ಚಿಕೊಳ್ಳಿ.

ಪ್ರಶ್ನೆ: ಸೊಸೆಯ ಒತ್ತಾಯಕ್ಕೆ ಮಲಯಾಳಂನ ‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿದೆ. ಹೆಚ್ಚುವುದು, ಬೇಯಿಸುವುದು, ಒರೆಸುವುದು, ತೊಳೆಯುವುದು. ಮರುದಿನ ಮತ್ತೆ ಅದೇ. ಇಷ್ಟಕ್ಕೆ ಒಂದು ಚಿತ್ರ ಬೇಕಿತ್ತೇ?
(ನಿವೃತ್ತ ನೌಕರರು, ಧಾರವಾಡ)

ತಾವು ದೂರಾಗಿ ಬರೆದದ್ದೇ ಈ ಚಿತ್ರದ ಬಗ್ಗೆ ನಾವು ಓದಿದ ಒಳ್ಳೆಯ ವಿಮರ್ಶೆಗಳಲ್ಲಿ ಒಂದು. ಹೆಚ್ಚುವುದು, ತೊಳೆಯುವುದು, ಮತ್ತೆ ಅದೇ. ನಿರ್ದೇಶಕ ಜಿಯೋ ಬೇಬಿ ಅವರು 2021ರಲ್ಲಿ ಹೇಳಹೊರಟದ್ದು ಅಷ್ಟನ್ನೇ. ಸುಮಾರು ನೂರು ನಿಮಿಷ ಕೂತು ನೋಡುವುದೇ ತಮಗೆ ಇಷ್ಟು ಬೇಸರ ತಂದಿದ್ದರೆ, ನಿಮಿಷಾ ಸಜಯನ್ ಅವರ ಪಾತ್ರಕ್ಕೆ ಅದನ್ನು ಮಾಡುವುದು ಏನನ್ನು ತಂದಿರಬೇಕು? ಹಿನ್ನೆಲೆ ಸಂಗೀತವನ್ನು ಬಹುಮಟ್ಟಿಗೆ ದೂರವಿಟ್ಟು ಒಗ್ಗರಣೆಯ ಸದ್ದು, ಪಾತ್ರೆಗಳ ಸದ್ದನ್ನೇ ಕೇಳಿಸುವುದು ಆ ಬೇಸರ ತಪ್ಪಿಸಿಕೊಂಡು ಹೋಗದಿರಲೆಂದು.

ಒಂದೆರಡು ಕಡೆ ಗಮನವಿಟ್ಟು ಮತ್ತೆ ನೋಡಿ. ಊಟ ಮುಗಿಸಿದ ಗಂಡಸರು ಅಗಿದ ನುಗ್ಗೆಕಾಯಿಯ ಸಿಪ್ಪೆಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು ಹೋಗುತ್ತಾರೆ. ಆ ಎಂಜಲನ್ನು ಬಳಿದು, ಅದೇ ಮೇಜಿನಲ್ಲಿ ಹೆಂಗಸರು ಉಣ್ಣಲು ಕೂಡುತ್ತಾರೆ. ಸಿಂಕಿನ ಕೆಳಗಿನ ಪೈಪು ಸೋರುತ್ತದೆ, ಪ್ಲಂಬರನನ್ನು ಕರೆಸಿ ಎಂದು ಆಕೆ ಹೇಳುತ್ತಾಳೆ, ಗಂಡ ಮರೆಯುತ್ತಾನೆ, ಮತ್ತೆ ಹೇಳುತ್ತಾಳೆ, ಮತ್ತೆ ಮರೆಯುತ್ತಾನೆ. ಮಾವನವರು ಬಲು ಮೃದುಭಾಷಿ. ಅನ್ನ ಕುಕ್ಕರಿನಲ್ಲಿ ಬೇಡ, ಕಟ್ಟಿಗೆಯ ಒಲೆಯ ಮೇಲೆಯೇ ಆಗಲಿ. ಬಟ್ಟೆ ಯಂತ್ರಕ್ಕೆ ಬೇಡ, ಕೈಯಲ್ಲೇ ಒಗೆದರೆ ಒಳ್ಳೆಯದು ಎನ್ನುತ್ತಾರೆ. ದನಿ ಏರಿಸುವುದಿಲ್ಲ, ಗದರುವುದಿಲ್ಲ. ದೌರ್ಜನ್ಯವನ್ನು ಇಷ್ಟು ಸೌಮ್ಯವಾಗಿ ತೋರಿಸಿದ ಚಿತ್ರಗಳು ಕಡಿಮೆ. ರೊಟ್ಟಿ ಹಂಚಿನಿಂದ ನೇರವಾಗಿ ತಾಟಿಗೆ ಬೀಳಬೇಕು, ಆರಿದರೆ ಗಂಟಲಿಗೆ ಇಳಿಯದು ಎನ್ನುವ ನಮ್ಮ ಕಡೆಯ ಪಡಸಾಲೆಗಳಿಗೆ ಕೇರಳದ ಆ ಅಡುಗೆಮನೆ ಪರಕೀಯವೇನಲ್ಲ.

ಅಂದಹಾಗೆ, ಚಿತ್ರದ ಬಗ್ಗೆ ತಮ್ಮ ಮನೆಯವರು ಏನೆಂದರು ಎಂಬುದನ್ನು ಪತ್ರದಲ್ಲಿ ಬರೆದಿಲ್ಲ.

ಪ್ರಶ್ನೆ: ಪರಭಾಷೆಯ ಚಿತ್ರಗಳನ್ನು ಕನ್ನಡ ಡಬ್ಬಿಂಗ್‌ನಲ್ಲಿ ನೋಡಬೇಕೋ, ಮೂಲದಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಬೇಕೋ?
(ಓದುಗರು, ಶಿಗ್ಗಾವಿ)

ಯಾರೊಂದಿಗೆ ಕುಳಿತು ನೋಡುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಅರವತ್ತರ ದಶಕದ ನಂತರ ಬಹುಕಾಲ ಕನ್ನಡದಲ್ಲಿ ಡಬ್ಬಿಂಗ್ ನಿಂತೇಹೋಗಿತ್ತು. ಅದನ್ನು ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶಿಸಿದ ಮೇಲೆ ಬಾಗಿಲು ತೆರೆಯಿತು. ಅದರಿಂದ ಉಪಕಾರವಾದದ್ದು ಅಜ್ಜ ಅಜ್ಜಿಯರಿಗೆ, ಮಕ್ಕಳಿಗೆ. ಸಬ್‌ಟೈಟಲ್ ಹೆಚ್ಚಾಗಿ ಸಿಗುವುದು ಇಂಗ್ಲಿಷಿನಲ್ಲಿ. ಅದನ್ನು ಅಷ್ಟು ಬೇಗ ಓದಲಾಗದವರಿಗೆ ಮೂಲದಲ್ಲೇ ನೋಡಿ ಎನ್ನುವುದು ನೋಡಬೇಡಿ ಎಂದಂತೆ.

ಡಬ್ಬಿಂಗ್‌ನ ಕನ್ನಡ ಕೃತಕವೆನಿಸುವುದಕ್ಕೆ ಒಂದು ಕಾರಣ ತುಟಿ. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಪರದೆಯ ಮೇಲೆ ತುಟಿ ಮುಚ್ಚಿದ ಕಡೆಯೇ ಅಂಥ ಅಕ್ಷರ ಬರುವಂತೆ, ಮಾತಿನ ಉದ್ದವೂ ಸರಿಹೋಗುವಂತೆ ಬರೆಯಬೇಕಾಗುವುದರಿಂದ ಸಹಜವಾದ ಮಾತನ್ನು ಬಿಟ್ಟು ಹೊಂದುವ ಮಾತನ್ನು ಹುಡುಕುತ್ತಾರೆ. ಬೇರೊಬ್ಬರ ಅಳತೆಗೆ ಹೊಲಿದ ಅಂಗಿ ಎಲ್ಲೋ ಒಂದು ಕಡೆ ಬಿಗಿಯುತ್ತದೆ. ಹೊಡೆದಾಟದ, ಸಾಹಸದ ಚಿತ್ರಗಳಿಗೆ ಇದರಿಂದ ನಷ್ಟ ಕಡಿಮೆ. ಮನೆಯೊಳಗಿನ ಸಣ್ಣ ಮಾತಿನ ಮೇಲೆ ನಿಂತ ಚಿತ್ರಗಳನ್ನು ಆದಷ್ಟು ಮೂಲದಲ್ಲೇ ನೋಡಿ.

ಪ್ರಶ್ನೆ: ‘ಘಟಶ್ರಾದ್ಧ’ ಶ್ರೇಷ್ಠ ಚಿತ್ರವೆಂದು ಕೇಳಿ ಅಂತರ್ಜಾಲದಲ್ಲಿ ಹುಡುಕಿ ನೋಡಿದೆ. ಅರ್ಧ ಕತ್ತಲೆ, ಮುಖಗಳು ಅಗಲ. ನನಗೇನೂ ಅನಿಸಲಿಲ್ಲ.
(ಓದುಗರು, ಬೆಟಗೇರಿ)

ತಾವು ನೋಡಿದ್ದು ಚಿತ್ರವನ್ನಲ್ಲ, ಅದರ ನಕಲಿನ ನಕಲನ್ನು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ, ಸ್ವರ್ಣಕಮಲ ಪಡೆದ ಈ ಕಪ್ಪುಬಿಳುಪು ಚಿತ್ರದಲ್ಲಿ ಹುಡುಗ ನಾಣಿಯ ಕಣ್ಣಿಗೆ ಬಿದ್ದದ್ದನ್ನು ನಾವು ನೋಡುತ್ತೇವೆ; ನೆರಳಿನ ಸಣ್ಣ ವ್ಯತ್ಯಾಸಗಳು ಅಳಿಸಿಹೋದರೆ ಅವನಿಗೆ ಕಂಡದ್ದು ನಮಗೆ ಕಾಣುವುದೇ ಇಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವನಗೊಳಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದೆ. ಅದು ಚಿತ್ರೋತ್ಸವಗಳಲ್ಲಿ ಎಲ್ಲಿಯಾದರೂ ಬಂದರೆ ಬಿಡಬೇಡಿ, ಅಲ್ಲಿಯವರೆಗೆ ಅಭಿಪ್ರಾಯವನ್ನು ತಡೆಹಿಡಿಯಿರಿ. ಮುಖ ಅಗಲವಾಗುವ ದೋಷ ಮಾತ್ರ ಮನೆಯಲ್ಲೇ ಸರಿಹೋಗುತ್ತದೆ: ಹಳೆಯ ಚಿತ್ರ ಹಾಕಿದಾಗ ಟಿವಿಯ ಪರದೆಯ ಅಳತೆಯನ್ನು 4:3ಕ್ಕೆ ಬದಲಿಸಿ. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಪ್ರಶ್ನೆ: ‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ ನೋಡಿ ಕಣ್ಣೀರು ಹಾಕಿದೆ. ಸೈಡ್ ಬಿ ಬೇಡವೆಂದು ಗೆಳತಿ ಹೇಳುತ್ತಾಳೆ. ನೋಡಲೇ?
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ನೋಡಿ, ಆದರೆ ಮನು ಮತ್ತು ಪ್ರಿಯಾ ಅವರ ಪ್ರೀತಿಯ ಮುಂದುವರಿಕೆ ಸಿಗುತ್ತದೆಂದು ಕೂಡಬೇಡಿ. ಹೇಮಂತ್ ರಾವ್ ಅವರು ಮೊದಲ ಭಾಗಕ್ಕೆ ನೀಲಿಯನ್ನೂ ಎರಡನೆಯದಕ್ಕೆ ಕೆಂಪನ್ನೂ ಬಳಸಿರುವುದು ಅಲಂಕಾರಕ್ಕಲ್ಲ. ಜೈಲಿನಿಂದ ಹೊರಬಂದವನ ಗೀಳಿನ ಕಥೆ ಅದು, ಅವನ ಮೇಲೆ ತಮಗೆ ಸಿಟ್ಟೂ ಬರಬಹುದು. ಅಳು ತರಿಸುವುದರಲ್ಲಿ ಮೊದಲ ಭಾಗವೇ ಮೇಲು. ರುಕ್ಮಿಣಿ ವಸಂತ್ ಅವರ ನಟನೆಗಾಗಿಯಾದರೂ ಎರಡನೆಯದನ್ನು ಬಿಡಬಾರದು ಎಂಬುದು ನಮ್ಮ ಅಭಿಪ್ರಾಯ. ಗೆಳತಿಯವರು ಒಪ್ಪದಿದ್ದರೆ ಅವರೂ ಪತ್ರ ಬರೆಯಲಿ.