ಪ್ರೊಪೆಲ್ಲರ್ ಅಂದರೆ ಸುತ್ತುವ ರೆಕ್ಕೆ

ಪ್ರೊಪೆಲ್ಲರ್ ವಿಮಾನವನ್ನು ಹೇಗೆ ಎಳೆಯುತ್ತದೆ, ಅದರಲ್ಲಿ ಎಷ್ಟು ಬಗೆ, ಕೆಲವಕ್ಕೆ ಎರಡೇ ಬ್ಲೇಡ್ ಇದ್ದರೆ ಕೆಲವಕ್ಕೆ ಆರು ಏಕೆ ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ಮಾದರಿ ವಿಮಾನ ಕಟ್ಟಿ ಹಾರಿಸುತ್ತಿರುವ ನನಗೆ ಇದು ಪ್ರೀತಿಯ ವಿಷಯ.

ಬ್ಲೇಡನ್ನು ಅಡ್ಡಲಾಗಿ ಕೊಯ್ದರೆ ಕಾಣುವುದು ವಿಮಾನದ ರೆಕ್ಕೆಯ ಆಕಾರವೇ. ಒಂದು ಮಗ್ಗುಲು ಉಬ್ಬು, ಇನ್ನೊಂದು ಹೆಚ್ಚುಕಡಿಮೆ ಚಪ್ಪಟೆ. ರೆಕ್ಕೆ ಮುಂದಕ್ಕೆ ಓಡಿದಾಗ ಮೇಲಕ್ಕೆ ಹುಟ್ಟುವ ಬಲವೇ, ಬ್ಲೇಡ್ ಸುತ್ತಿದಾಗ ಮುಂದಕ್ಕೆ ಹುಟ್ಟುತ್ತದೆ. ಗಾಳಿ ಹಿಂದಕ್ಕೆ ನುಗ್ಗುವುದು ಅದರದೇ ಇನ್ನೊಂದು ಮುಖ. ರೈಟ್ ಸಹೋದರರು ಇದನ್ನು ಹಿಡಿದೇ ಲೆಕ್ಕ ಹಾಕಿದರು. 1903ರಲ್ಲಿ ಅವರು ಕೈಯಲ್ಲಿ ಕೆತ್ತಿದ ಮರದ ಪ್ರೊಪೆಲ್ಲರ್‌ಗಳು ತಮಗೆ ತಲುಪಿದ ಶಕ್ತಿಯ ಮುಕ್ಕಾಲು ಭಾಗದಷ್ಟನ್ನು ನೂಕುಬಲವಾಗಿಸುತ್ತಿದ್ದವು. ನನ್ನ ಮಟ್ಟಿಗೆ 1903ರ ಅವರ ವಿಮಾನದ ಅತಿ ದೊಡ್ಡ ಸಾಧನೆ ಅದೇ.

ಬ್ಲೇಡ್ ಉದ್ದಕ್ಕೂ ತಿರುಚಿಕೊಂಡಿರುವುದನ್ನು ಗಮನಿಸಿರಬಹುದು. ಸುಮಾರು 1.9 ಮೀಟರ್ ವ್ಯಾಸದ ಪ್ರೊಪೆಲ್ಲರ್ ನಿಮಿಷಕ್ಕೆ 2700 ಸುತ್ತು ಹಾಕಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 270 ಮೀಟರ್, ನಡುವಿನದು ಅದರರ್ಧ. ಬುಡದಿಂದ ತುದಿಯವರೆಗೆ ಗಾಳಿ ಸರಿಯಾದ ಕೋನದಲ್ಲಿ ತಾಗಬೇಕಾದರೆ ನಿಧಾನವಾಗಿ ಚಲಿಸುವ ಬುಡ ಹೆಚ್ಚು ಓರೆಯಾಗಿರಬೇಕು, ತುದಿ ಕಡಿಮೆ.

ಬಗೆಗಳೆಲ್ಲ ಹುಟ್ಟಿದ್ದು ಈ ಕೋನದ ತಾಪತ್ರಯದಿಂದ. ಬ್ಲೇಡಿನ ಈ ಓರೆಗೆ ಪಿಚ್ ಎನ್ನುತ್ತಾರೆ. ಅಳೆಯುವುದು ಮಾತ್ರ ಹೆಚ್ಚಾಗಿ ಇಂಚಿನಲ್ಲಿ, ಜಾರದೆ ಒಂದು ಸುತ್ತು ಹಾಕಿದರೆ ಪ್ರೊಪೆಲ್ಲರ್ ಎಷ್ಟು ಮುಂದೆ ಸಾಗುತ್ತದೆ ಎಂಬ ಲೆಕ್ಕದಲ್ಲಿ. ಒಮ್ಮೆ ನಾನು 10 ಇಂಚು ವ್ಯಾಸ, 4.5 ಇಂಚು ಪಿಚ್ ಇದ್ದದ್ದನ್ನು ತೆಗೆದು 7 ಇಂಚು ಪಿಚ್‌ನದನ್ನು ಹಾಕಿದೆ. ವೇಗ ಸಿಗಲಿ ಎಂಬ ಆಸೆ. ವಿಮಾನ ನೆಲ ಬಿಡಲು ಒದ್ದಾಡಿತು, ಮೋಟಾರ್ ಬಿಸಿಯಾಯಿತು. ಮೇಲೇರಿದ ಮೇಲೆ ಮಾತ್ರ ಸೊಗಸಾಗಿ ಓಡಿತು. ವಿಮಾನ ನಿಧಾನವಿದ್ದಾಗ ಗಾಳಿ ಬ್ಲೇಡಿಗೆ ತೀರಾ ದೊಡ್ಡ ಕೋನದಲ್ಲಿ ತಾಗುತ್ತದೆ, ವೇಗ ಹೆಚ್ಚಿದಂತೆ ಕೋನ ಕಿರಿದಾಗುತ್ತದೆ. ಹಾಗಾಗಿ ಪಿಚ್ ಬದಲಾಗದ ಪ್ರೊಪೆಲ್ಲರ್ ಯಾವುದೋ ಒಂದು ವೇಗಕ್ಕಷ್ಟೇ ಹೊಂದುತ್ತದೆ. ಸಣ್ಣ ತರಬೇತಿ ವಿಮಾನಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಹಗುರ, ಸರಳ.

ಹಾರುತ್ತಿರುವಾಗಲೇ ಪಿಚ್ ಬದಲಿಸುವ ಪ್ರೊಪೆಲ್ಲರ್‌ಗಾಗಿ ಫ್ರಾಂಕ್ ಕಾಲ್ಡ್‌ವೆಲ್ ಎಂಬ ಎಂಜಿನಿಯರ್ ಮತ್ತು ಪ್ರೊಪೆಲ್ಲರ್ ತಯಾರಿಸುವ ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಸಂಸ್ಥೆಗೆ ಅಮೆರಿಕದ ವಿಮಾನಯಾನ ಪ್ರಶಸ್ತಿಯಾದ 1933ರ ಕೊಲಿಯರ್ ಟ್ರೋಫಿ ಸಿಕ್ಕಿತು. ಅದು ಬೆಳೆದು ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್ ಆಯಿತು. ಇದರಲ್ಲಿ ಪೈಲಟ್ ಎಷ್ಟು ಸುತ್ತು ಬೇಕೆಂದು ನಿಗದಿ ಮಾಡುತ್ತಾನೆ, ಉಳಿದದ್ದನ್ನು ಗವರ್ನರ್ ಎಂಬ ನಿಯಂತ್ರಕ ಸಾಧನ ನೋಡಿಕೊಳ್ಳುತ್ತದೆ. ಸುತ್ತು ಹೆಚ್ಚಿತೆಂದರೆ ಅದರೊಳಗಿನ ಪುಟ್ಟ ತೂಕಗಳು ಹೊರಕ್ಕೆ ಚಾಚಿಕೊಂಡು ಎಣ್ಣೆಯ ವಾಲ್ವ್ ಸರಿಸುತ್ತವೆ. ಎಣ್ಣೆಯ ಒತ್ತಡ ಬದಲಾಗಿ ಬ್ಲೇಡಿನ ಪಿಚ್ ಹೆಚ್ಚುತ್ತದೆ, ಹೊರೆ ಏರಿ ಸುತ್ತು ಮತ್ತೆ ಇಳಿಯುತ್ತದೆ. ಅವಳಿ ಎಂಜಿನ್ನಿನ ವಿಮಾನಗಳಲ್ಲಿ ಎಣ್ಣೆಯ ಒತ್ತಡ ಹೋದರೆ ಸ್ಪ್ರಿಂಗ್ ಮತ್ತು ತೂಕಗಳು ಬ್ಲೇಡನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲುವಂತೆ ತಿರುಗಿಸುವ ಏರ್ಪಾಡು ಸಾಮಾನ್ಯ. ಇದಕ್ಕೆ ಫೆದರಿಂಗ್ ಎಂದು ಹೆಸರು. ಕೆಟ್ಟ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ಅಡ್ಡ ನಿಂತು ವಿಮಾನವನ್ನು ಒಂದು ಕಡೆಗೆ ಜಗ್ಗದಿರಲಿ ಎಂದು. ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗಿಸುವ ವಿಮಾನಗಳಾದ ಟರ್ಬೊಪ್ರಾಪ್‌ಗಳಲ್ಲಿ ಕೋನವನ್ನು ಉಲ್ಟಾ ಮಾಡಿ, ಇಳಿದ ಮೇಲೆ ಬ್ರೇಕಿನಂತೆಯೂ ಬಳಸುತ್ತಾರೆ.

ಇನ್ನು ಬ್ಲೇಡುಗಳ ಸಂಖ್ಯೆ. ಎಂಜಿನ್ ಬಲವಾದಂತೆ ಆ ಬಲವನ್ನು ಗಾಳಿಗೆ ದಾಟಿಸಲು ಬ್ಲೇಡಿನ ಮೈ ಹೆಚ್ಚು ಬೇಕು. ಉದ್ದ ಮಾಡಿದರೆ ತುದಿ ಶಬ್ದದ ವೇಗದ ಹತ್ತಿರ ಹೋಗಿ ಸದ್ದು ಹೆಚ್ಚುತ್ತದೆ, ಬಲ ಪೋಲಾಗುತ್ತದೆ. ನೆಲಕ್ಕೂ ತಾಗಬಹುದು. ಆದ್ದರಿಂದ ಸಂಖ್ಯೆ ಹೆಚ್ಚಿಸುತ್ತಾರೆ. ಪ್ರಯಾಣಿಕರ ಟರ್ಬೊಪ್ರಾಪ್ ವಿಮಾನವಾದ ಎಟಿಆರ್ 72ರ ಹಳೆಯ ಮಾದರಿಗಳಲ್ಲಿ ನಾಲ್ಕಿದ್ದವು, ಈಗಿನವುಗಳಲ್ಲಿ ಆರು. ರಷ್ಯಾದ ಬಾಂಬರ್ ವಿಮಾನ ಟು-95 ಇನ್ನೂ ಮುಂದೆ ಹೋಗಿದೆ. ಅದರ ಪ್ರತಿ ಎಂಜಿನ್ನಿಗೂ ಒಂದರ ಹಿಂದೊಂದು ಎರಡು ಪ್ರೊಪೆಲ್ಲರ್, ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಮುಂದಿನದು ಗಾಳಿಗೆ ಕೊಟ್ಟ ಸುಳಿಯನ್ನು ಹಿಂದಿನದು ನೇರ ಮಾಡಿಕೊಳ್ಳುತ್ತದೆ.

ಎಂಜಿನ್ ಆರಿಸಿ ನಿಲ್ಲಿಸಿದ ಎಟಿಆರ್ ಕಂಡರೆ ಎದುರಿನಿಂದ ನೋಡಿ. ಬ್ಲೇಡುಗಳ ಅಗಲ ಕಾಣುವುದೇ ಇಲ್ಲ, ಬರೀ ತೆಳ್ಳನೆಯ ಅಂಚು. ಮೇಲೆ ಹೇಳಿದ ಫೆದರಿಂಗ್ ಅದೇ.