ಗಡ್ಡೆಯ ದೋಷ ಬೇರೆ, ವಂಶದ ದೋಷ ಬೇರೆ

ಪ್ರಿಯ ಲೇಖಕರೇ,

ಮಂಡ್ಯದಿಂದ ನೀವು ಕಳಿಸಿದ ಲೇಖನ ಓದಿದೆ. ಜೀವಕೋಶ ಎರಡಾಗುವುದನ್ನು ನಡೆಸುವ ಜೀನ್‌ಗಳು ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಹೇಗೆ ಬರುತ್ತದೆ ಅನ್ನುವುದು ನಿಮ್ಮ ವಿಷಯ. ಇದನ್ನು ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದು ನನಗೆ ಬಹಳ ಖುಷಿ ಕೊಟ್ಟಿತು. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ.

ಲೇಖನದ ಜೀವ ಇರುವುದು ಎರಡನೇ ಪುಟದಲ್ಲಿ. ಮದ್ದೂರಿನ ನಿಮ್ಮ ಚಿಕ್ಕಮ್ಮ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ರೈಲು ಹತ್ತುತ್ತಾರೆ. 'ನನ್ನ ಮಗಳಿಗೂ ಇದು ಬರ್ತದಾ?' ಅಂತ ನಿಮ್ಮನ್ನು ಕೇಳುತ್ತಾರೆ. ಆಮೇಲೆ ನಾಲ್ಕು ಪುಟ ಓದಿದರೂ ಆ ಪ್ರಶ್ನೆಗೆ ಉತ್ತರ ಇಲ್ಲ. ಸಾಲು ಸಾಲು ಜೀನ್‌ಗಳ ಹೆಸರು ಮಾತ್ರ ಇವೆ. ನಮ್ಮ ಓದುಗರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಓದುವವರು ಇದ್ದೇ ಇರುತ್ತಾರೆ. ಅವರನ್ನು ಹೆದರಿಸಿ ಕಳಿಸುವ ಬರಹ ನನಗೆ ಬೇಡ.

'ಸೈಕ್ಲಿನ್ ಡಿ1, ಟಿಪಿ53, ಬಿಆರ್‌ಸಿಎ1 ಜೀನ್‌ಗಳು ತಾಯಿಯಿಂದ ಮಗಳಿಗೆ ಬಂದು ಕ್ಯಾನ್ಸರ್ ತರುತ್ತವೆ' ಎಂದು ಬರೆದಿದ್ದೀರಿ. ಈ ಒಂದು ವಾಕ್ಯದಲ್ಲಿ ಎಲ್ಲವೂ ಕಲಸಿಹೋಗಿದೆ. ಈ ಜೀನ್‌ಗಳು ಎಲ್ಲರಲ್ಲೂ ಇವೆ, ಗಂಡಸರಲ್ಲೂ. ಅವು ಕೆಟ್ಟದ್ದು ಎಲ್ಲಿ, ಯಾವಾಗ ಅನ್ನುವುದೇ ಮುಖ್ಯ ಅಲ್ವಾ?

ಸೈಕ್ಲಿನ್ ಡಿ1 ತೆಗೆದುಕೊಳ್ಳಿ. ಕೋಶ ತನ್ನ ಡಿಎನ್‌ಎ ನಕಲು ಮಾಡಲು ಹೊರಡದಂತೆ ಆರ್‌ಬಿ ಎಂಬ ಪ್ರೋಟೀನ್ ತಡೆದು ನಿಂತಿರುತ್ತದೆ, ನಾಲೆಯ ತೂಬಿಗೆ ಹಾಕಿದ ಹಲಗೆಯಂತೆ. ಸೈಕ್ಲಿನ್ ಡಿ1 ಪ್ರೋಟೀನ್ ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳ ಜೊತೆ ಸೇರಿ ಆ ತಡೆಯನ್ನು ಎತ್ತುತ್ತದೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಈ ಜೀನಿನ ಪ್ರತಿಗಳು ಇರಬೇಕಾದ್ದಕ್ಕಿಂತ ಜಾಸ್ತಿ ಆಗಿರುತ್ತವೆ. ಹಾಗಾಗಿ ಕೋಶ ನಿಲ್ಲದೆ ಎರಡಾಗುತ್ತಾ ಹೋಗುತ್ತದೆ. ಆದರೆ ಇದು ಆದದ್ದು ಗಡ್ಡೆಯ ಕೋಶಗಳಲ್ಲಿ. ಮಗಳಿಗೆ ದಾಟುವುದಿಲ್ಲ. ಡಿಎನ್‌ಎ ಕೆಟ್ಟ ಕೋಶ ಎರಡಾಗದಂತೆ ತಡೆಯುವ ಟಿಪಿ53 ಜೀನಿನ ದೋಷವೂ ಹೆಚ್ಚಿನಂಶ ಹೀಗೆಯೇ ಗಡ್ಡೆಯಲ್ಲೇ ಹುಟ್ಟುವಂಥದ್ದು. ವಂಶದಲ್ಲಿ ಬರುವುದು ತೀರಾ ಅಪರೂಪ.

ಬಿಆರ್‌ಸಿಎ1, ಬಿಆರ್‌ಸಿಎ2 ಕಥೆ ಬೇರೆ. ಇವು ಕೋಶಚಕ್ರವನ್ನು, ಅಂದರೆ ಕೋಶ ಬೆಳೆದು ಎರಡಾಗುವ ಸುತ್ತನ್ನು, ಓಡಿಸುವ ಜೀನ್‌ಗಳಲ್ಲ. ತುಂಡಾದ ಡಿಎನ್‌ಎಯನ್ನು ರಿಪೇರಿ ಮಾಡುವಂಥವು. ಇವುಗಳ ದೋಷ ವಂಶದಲ್ಲಿ ಬರಬಲ್ಲದು. ಅದು ತಂದೆಯಿಂದಲೂ ಬರಬಹುದು, ಮಗನಿಗೂ ಹೋಗಬಹುದು. ತಂದೆ ಅಥವಾ ತಾಯಿಯಲ್ಲಿ ದೋಷ ಇದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ. 50. 'ತಾಯಿಯಿಂದ ಮಗಳಿಗೆ' ಅಂತ ಬರೆದರೆ ಅಪ್ಪನ ಕಡೆಯ ಅತ್ತೆಗೆ ಅಂಡಾಶಯದ ಕ್ಯಾನ್ಸರ್ ಬಂದಿದ್ದನ್ನು ಯಾರೂ ಡಾಕ್ಟರಿಗೆ ಹೇಳುವುದೇ ಇಲ್ಲ. ಬಿಆರ್‌ಸಿಎ1 ದೋಷ ಇರುವ ನೂರು ಹೆಂಗಸರಲ್ಲಿ 80 ವಯಸ್ಸಿನೊಳಗೆ ಸುಮಾರು 72 ಮಂದಿಗೆ ಸ್ತನ ಕ್ಯಾನ್ಸರ್, 44 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರಬಹುದು ಎಂದು 2017ರ ಒಂದು ದೊಡ್ಡ ಅಧ್ಯಯನದ ಅಂದಾಜು. ಈ ಅಂಕಿ ಕೊಟ್ಟರೆ ಅದರ ಪಕ್ಕದಲ್ಲೇ ಇನ್ನೊಂದನ್ನೂ ಕೊಡಿ: ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದ ದೋಷದಿಂದ ಬಂದವು ಶೇ. 5ರಿಂದ 10ರಷ್ಟು. ಚಿಕ್ಕಮ್ಮನಿಗೆ ಎಷ್ಟನೇ ವಯಸ್ಸಿಗೆ ಬಂತು, ಎರಡೂ ಕಡೆಯ ಬಳಗದಲ್ಲಿ ಇನ್ಯಾರಿಗೆ ಇತ್ತು ಅಂತ ಕೇಳಿ ಬರೆಯಿರಿ. ಮಗಳ ಪ್ರಶ್ನೆಗೆ ಉತ್ತರ ಅಲ್ಲಿಂದ ಶುರುವಾಗುತ್ತದೆ. ಜೀನ್ ಪರೀಕ್ಷೆ ಬೇಕೋ ಬೇಡವೋ ಅನ್ನುವುದನ್ನೂ ಡಾಕ್ಟರು ಇದನ್ನೆಲ್ಲ ಕೇಳಿಯೇ ಹೇಳುತ್ತಾರೆ.

ಔಷಧಿಯ ಭಾಗದಲ್ಲೂ ಎರಡು ಕ್ಯಾನ್ಸರ್‌ಗಳನ್ನು ಒಂದೇ ಮಾಡಿದ್ದೀರಿ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಾಲ್ಬೊಸಿಕ್ಲಿಬ್, ಸಿಡಿಕೆ4 ಮತ್ತು ಸಿಡಿಕೆ6 ತಡೆಯುವ ಮಾತ್ರೆ. ಅದು ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿಗೆ. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವ ಹೈ ಗ್ರೇಡ್ ಸೀರಸ್ ಎಂಬ ಬಗೆಯಲ್ಲಿ ಸುಮಾರು ಐದರಲ್ಲಿ ಒಂದು ಗಡ್ಡೆಯಲ್ಲಿ ಜಾಸ್ತಿಯಾಗಿರುವುದು ಸೈಕ್ಲಿನ್ ಇ1 ಎಂಬ ಇನ್ನೊಂದು ಜೀನ್. ಅದರ ಪ್ರೋಟೀನ್ ಕೆಲಸ ಮಾಡುವುದು ಸಿಡಿಕೆ2 ಎಂಬ ಕಿಣ್ವದ ಜೊತೆ. ಹಾಗಾಗಿ ಸಿಡಿಕೆ4, 6 ತಡೆದರೂ ಅದು ನಿಲ್ಲುವುದಿಲ್ಲ. ಬಿಆರ್‌ಸಿಎ ದೋಷ ಇರುವ ಅಂಡಾಶಯದ ಕ್ಯಾನ್ಸರಿಗೆ ಬಳಸುವ ಒಲಾಪರಿಬ್ ಹೆಸರನ್ನೇ ನೀವು ಬಿಟ್ಟಿದ್ದೀರಿ.

ನೊಬೆಲ್ ಬಹುಮಾನಕ್ಕೆ ಒಂದು ಪುಟ ಜಾಸ್ತಿಯಾಯಿತು. 2001ರಲ್ಲಿ ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೆ ಬಂತು, ಅವರು ಕೋಶಚಕ್ರ ನಡೆಸುವ ಜೀನ್‌ಗಳನ್ನೂ ಪ್ರೋಟೀನ್‌ಗಳನ್ನೂ ಕಂಡದ್ದು ಯೀಸ್ಟ್‌ನಲ್ಲಿ, ಕಡಲ ಅರ್ಚಿನ್ ಎಂಬ ಮುಳ್ಳುಮೈಯ ಪ್ರಾಣಿಯ ಮೊಟ್ಟೆಯಲ್ಲಿ ಅಂದರೆ ಸಾಕು.

ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. 'ಧೈರ್ಯವೇ ನಿಜವಾದ ಮದ್ದು' ಅಂತ ಸುಮ್ನೆ ಬರೆಯುವ ಮಾತಲ್ಲ. ಸತ್ತವರಿಗೆ ಧೈರ್ಯ ಇರಲಿಲ್ಲ ಅಂತ ಅರ್ಥ ಬರುತ್ತದೆ. ಅವರ ಮನೆಯವರೂ ನಮ್ಮ ಪತ್ರಿಕೆ ಓದುತ್ತಾರೆ.

ತಿದ್ದಿದ ಮೇಲೆ ಮೈಸೂರಿನಲ್ಲೋ ಮಂಡ್ಯದಲ್ಲೋ ಒಬ್ಬ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಚಿಕ್ಕಮ್ಮನ ಒಪ್ಪಿಗೆ ಕೇಳಿ, ಬೇಡ ಅಂದರೆ ಊರಿನ ಹೆಸರು ಬದಲಿಸಿ. ಉದ್ದ ಮೂರು ಪುಟ ಮೀರದಿರಲಿ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.

ಇತಿ,
ಸಂಪಾದಕ, ಮೈಸೂರು