ಬೀಗದಕೈ ಯಾರ ಹತ್ತಿರ ಇರುತ್ತದೆ?

ಊರಿನ ಕಟ್ಟಡಗಳ ಬಗ್ಗೆ ಓದುಗರ ಪ್ರಶ್ನೆಗಳು. ಉತ್ತರ ತುಮಕೂರಿನ ಆರ್ಕಿಟೆಕ್ಟ್ ಒಬ್ಬರದು.

ಪ್ರಶ್ನೆ: ಮೇಡಂ, ನಮ್ಮೂರಿಗೆ ಸಮುದಾಯ ಭವನ ಮಂಜೂರಾಗಿದೆ. ಕಂಟ್ರಾಕ್ಟರ್ 40ಕ್ಕೆ 60 ಅಡಿಯ ಒಂದೇ ಹಾಲ್, ಮುಂದೆ ಸ್ಟೇಜ್, ಹಿಂದೆ ಅಡುಗೆಮನೆ ಅಂತ ನಕ್ಷೆ ತಂದಿದ್ದಾರೆ. ಹುಡುಗರಿಗೆ ಇಷ್ಟ ಆಗಿದೆ. ಹಿರಿಯರು ಅರಳಿಕಟ್ಟೆ ಪಕ್ಕವೇ ಕಟ್ಟಬೇಕು ಅಂತಾರೆ. ಸ್ತ್ರೀಶಕ್ತಿ ಸಂಘದವರು ‘ನಮ್ಮನ್ನು ಯಾರೂ ಕೇಳಲೇ ಇಲ್ಲ’ ಅಂತ ಮುನಿಸಿಕೊಂಡಿದ್ದಾರೆ. ಏನು ಮಾಡೋಣ?
– ಮಧುಗಿರಿ ತಾಲ್ಲೂಕಿನ ಓದುಗರು

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಕಟ್ಟಿದ ಮೇಲೆ ಬೀಗದಕೈ ಯಾರ ಹತ್ತಿರ ಇರುತ್ತದೆ?

ನಗಬೇಡಿ. ನಮ್ಮ ಕಡೆ ಎಷ್ಟೋ ಊರಲ್ಲಿ ನೋಡಿದ್ದೇನೆ, ಭವನ ಗಟ್ಟಿಮುಟ್ಟಾಗಿಯೇ ಇರುತ್ತದೆ, ಬಣ್ಣವೂ ಮಾಸಿರುವುದಿಲ್ಲ, ಆದರೆ ಬಾಗಿಲಿಗೆ ಬೀಗ. ಬೀಗದಕೈ ಯಾರದೋ ಮನೆಯಲ್ಲಿದೆ, ಆ ಮನೆಯವರು ಹೊಲಕ್ಕೆ ಹೋಗಿದ್ದಾರೆ. ನಾಲ್ಕು ಮದುವೆ, ಎರಡು ನಾಮಕರಣ, ಒಂದು ಆರೋಗ್ಯ ಶಿಬಿರ ಮುಗಿದರೆ ಆ ವರ್ಷದ ಕೆಲಸ ಮುಗಿಯಿತು. ಉಳಿದ ದಿನ ಮೆಟ್ಟಿಲ ಮೇಲೆ ಹುಣಸೆಹಣ್ಣು ಒಣಗುತ್ತಿರುತ್ತದೆ. ಮೆಟ್ಟಿಲಾದರೂ ಉಪಯೋಗಕ್ಕೆ ಬಂತಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಕು. ಹಾಗಾಗಿ ನಾನು ನಕ್ಷೆ ನೋಡುವಾಗ, ಬೀಗ ಹಾಕಿದ ಮೇಲೂ ಊರಿಗೆ ಎಷ್ಟು ಜಾಗ ಉಳಿಯುತ್ತದೆ ಅಂತ ಮೊದಲು ಲೆಕ್ಕ ಹಾಕುತ್ತೇನೆ.

ನಿಮ್ಮ ನಕ್ಷೆಯಲ್ಲಿ ಆ ಲೆಕ್ಕ ಸೊನ್ನೆ. 24 ಚದರವೂ (ಒಂದು ಚದರ ಅಂದರೆ ನೂರು ಚದರ ಅಡಿ) ಬಾಗಿಲ ಒಳಗೇ ಇದೆ.

ಈಗ ಜಾಗದ ಮಾತು. ಎರಡು ದಿನ ಸುಮ್ನೆ ಊರು ಸುತ್ತಿ. ಜನ ಈಗಾಗಲೇ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ನೋಡಿ. ಬೆಳಿಗ್ಗೆ ಮತ್ತು ಸಂಜೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ಎಷ್ಟು ಜನ ನಿಂತಿರುತ್ತಾರೆ? ಕುಡಿಯುವ ನೀರಿನ ಘಟಕದ ಹತ್ತಿರ ಹೆಂಗಸರು ಎಷ್ಟು ಹೊತ್ತು ಮಾತಾಡುತ್ತಾರೆ? ಬಸ್ಸಿಗೆ ಕಾಯುವ ಮಕ್ಕಳು ಎಲ್ಲಿ ನೆರಳು ಹುಡುಕುತ್ತಾರೆ? ಅರಳಿಕಟ್ಟೆಯನ್ನು ನಮ್ಮಂಥ ಪೇಟೆಯವರು ಹಾಡಿ ಹೊಗಳುತ್ತೇವೆ, ನಿಜ. ಆದರೆ ಅಲ್ಲಿ ಹೆಂಗಸರು ಪ್ರದಕ್ಷಿಣೆ ಹಾಕಿ ಹೋಗುತ್ತಾರೆ, ಕೂರುವವರು ಗಂಡಸರು. ಕೆಲವು ಊರಲ್ಲಿ ಯಾವ ಕೇರಿಯವರು ಕೂರಬಹುದು ಅನ್ನುವ ಲೆಕ್ಕವೂ ಇನ್ನೂ ಹೋಗಿಲ್ಲ. ಭವನ ಅದರ ಮಗ್ಗುಲಿಗೇ ಬಂದರೆ ಆ ಲೆಕ್ಕ ಭವನದ ಒಳಗೂ ಬರುತ್ತದೆ. ಜೊತೆಗೆ ಅರಳಿ ಬೇರು ಪಾಯಕ್ಕೆ ನುಗ್ಗುತ್ತದೆ, ಆಮೇಲೆ ಮರ ಕಡಿಯೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನನ್ನ ಓಟು ಡೈರಿ ಅಥವಾ ನೀರಿನ ಘಟಕದ ಹತ್ತಿರಕ್ಕೆ. ಹಿರಿಯರಿಗೆ ಬೇಜಾರಾಗಬಹುದು. ಕಟ್ಟೆಯ ಚಪ್ಪಡಿ ರಿಪೇರಿ ಮಾಡಿಸಿಕೊಡಿ, ಒಪ್ಪಿಕೊಳ್ಳುತ್ತಾರೆ.

ಅಳತೆ ಹೀಗೆ ಮಾಡಬಹುದು. ಅದೇ 40ಕ್ಕೆ 60ರಲ್ಲಿ ಉದ್ದದ ಒಂದು ಕಡೆ 8 ಅಡಿ, ಅಗಲದ ಒಂದು ಕಡೆ 10 ಅಡಿ ಜಗಲಿ ಬಿಡಿ. ಒಳಗೆ 32ಕ್ಕೆ 50ರ ಹಾಲ್ ಉಳಿಯುತ್ತದೆ, 16 ಚದರ. ಮದುವೆಗೆ ಸಾಲದು ಅಂತ ಹುಡುಗರು ಕೂಗಾಡುತ್ತಾರೆ. 24 ಚದರ ಕಟ್ಟಿದರೂ ಊಟಕ್ಕೆ ಶಾಮಿಯಾನ ಹಾಕಿಸೇ ಹಾಕಿಸುತ್ತೀರಿ, ಅಲ್ವಾ? ಜಗಲಿಯ ಅಂಚಿಗೆ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಚಪ್ಪಡಿ ಕೂರಿಸಿ. ಕಾಲು ಇಳಿಬಿಟ್ಟು ಕೂರಲು ಅದು ಸರಿಯಾದ ಎತ್ತರ, ಕಲ್ಲಿಗಂತೂ ನಮ್ಮ ಸೀಮೆಯಲ್ಲಿ ಬರವಿಲ್ಲ. ಸಂಘದವರ ಸಭೆಗೆ, ಪುಸ್ತಕ ಪೇಪರ್ ಇಡಲು ಜಗಲಿಗೇ ಬಾಗಿಲು ತೆರೆಯುವ ಒಂದು ಸಣ್ಣ ಕೋಣೆ ಕೊಡಿ, ಅದರ ಬೀಗ ಬೇರೆ, ಬೀಗದಕೈ ಸಂಘದ್ದು. ನಲ್ಲಿ, ಲೈಟು, ಶೌಚಾಲಯ ಎಲ್ಲ ಹಾಲ್‌ನ ಬೀಗದ ಹೊರಗೆ ಇರಲಿ. ಉದ್ದದ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿದರೆ ಸಂಜೆ ಬಿಸಿಲು ಹಾಲ್‌ಗೆ ಹೊಡೆಯುವುದು ಕಡಿಮೆ. ಪಶ್ಚಿಮಕ್ಕೆ ಸ್ಟೋರ್ ರೂಮು ಇಟ್ಟುಬಿಡಿ, ಪಾತ್ರೆಗೇನು ಸೆಕೆ. ಕಟ್ಟಡದ ನೆಲ ರಸ್ತೆಗಿಂತ ಒಂದೂವರೆ ಅಡಿ ಎತ್ತರ ಇದ್ದರೆ ಗಾಲಿ ಕುರ್ಚಿಯ ಇಳಿಜಾರು 18 ಅಡಿ ಉದ್ದ ಬೇಕು, ಅಂದರೆ ಒಂದು ಅಡಿ ಏರಲು 12 ಅಡಿ. ಬಿಲ್ಲಿಗಾಗಿ ಆರು ಅಡಿಯ ಜಾರುಬಂಡೆ ಹಾಕಿಸಬೇಡಿ.

ಶೌಚಾಲಯದ ಬಗ್ಗೆ ನನ್ನದೇ ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಊರಿನ ಕಟ್ಟಡಕ್ಕೆ ಹೆಂಗಸರ ಶೌಚಾಲಯದ ಬಾಗಿಲನ್ನು ರಸ್ತೆ ಕಡೆಗೆ ಇಟ್ಟಿದ್ದೆ. ಕಾಗದದ ಮೇಲೆ ಬಹಳ ಚೆನ್ನಾಗಿ ಕೂತಿತ್ತು. ಎದುರಿಗೆ ಟೀ ಅಂಗಡಿ ಇದೆ ಅನ್ನುವುದು ನಕ್ಷೆಯಲ್ಲಿ ಇರಲಿಲ್ಲ. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಒಳಗೆ ಶಾಮಿಯಾನದ ಕೋಲು ಜೋಡಿಸಿಟ್ಟಿದ್ದರು. ಅಲ್ಲಿದ್ದ ಅಜ್ಜಿಯನ್ನು ಕೇಳಿದೆ. ‘ಅಷ್ಟು ಜನ ಗಂಡಸರ ಮುಂದೆ ಹೆಂಗವ್ವ ಹೋಗಾದು?’ ಅಂದರು. ಒಂದು ಮರೆಗೋಡೆ ಕಟ್ಟಿಸಿದ ಮೇಲೆ ಸರಿಹೋಯಿತು. ನಾನೂ ಹೆಂಗಸೇ, ನನಗೇ ಹೊಳೆದಿರಲಿಲ್ಲ.

ದೊಡ್ಡವರೂ ಎಡವಿದ್ದಾರೆ ಬಿಡಿ. ಈಜಿಪ್ಟಿನ ಆರ್ಕಿಟೆಕ್ಟ್ ಹಸನ್ ಫತಿ 1940ರ ದಶಕದಲ್ಲಿ ಲಕ್ಸರ್ ಹತ್ತಿರ ಹೊಸ ಗುರ್ನಾ ಅಂತ ಮಣ್ಣಿನ ಇಟ್ಟಿಗೆಯ ಒಂದು ಊರನ್ನೇ ಕಟ್ಟಿದರು. ಕಮಾನು, ಗುಮ್ಮಟ, ಅಂಗಳ, ಇವತ್ತಿಗೂ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಅದನ್ನು ಯಾರಿಗಾಗಿ ಕಟ್ಟಿದರೋ ಆ ಹಳೇ ಗುರ್ನಾದ ಬಹುಪಾಲು ಜನ ಮಾತ್ರ ಬರಲು ಒಪ್ಪಲಿಲ್ಲ. ಅವರ ಹೊಟ್ಟೆಪಾಡು ಇದ್ದದ್ದು ಹಳೇ ಊರಿನ ಸಮಾಧಿಗಳ ಸುತ್ತ.

ಆದ್ದರಿಂದ ಸಂಘದವರಿಗೆ ಕಾಗದ ತೋರಿಸಿ ‘ಹೇಗಿದೆ?’ ಅಂತ ಕೇಳಬೇಡಿ. ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಸೈಟಿನಲ್ಲೇ ಸುಣ್ಣದ ಪುಡಿಯಲ್ಲಿ ಪೂರ್ತಿ ಅಳತೆಗೆ ಗೆರೆ ಎಳೆಯಿರಿ. ಒಳಗೆ ಓಡಾಡಿಸಿ. ಅಡುಗೆಯವರನ್ನು ಕರೆದು ಹಂಡೆ ಎಲ್ಲಿಡುತ್ತೀರಿ ಅಂತ ಕೇಳಿ. ಅರ್ಧ ಗಂಟೆಯಲ್ಲಿ ಮೂರು ಬಾಗಿಲು ಜಾಗ ಬದಲಾಯಿಸುತ್ತವೆ, ಬೇಕಾದರೆ ನೋಡಿ.

ಪ್ರಶ್ನೆ: ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳು ಸೇರಿ ಒಂದು ವಾಚನಾಲಯ ಕಟ್ಟುತ್ತಿದ್ದೇವೆ. ಒಬ್ಬರು ಮಣ್ಣಿನ ಬ್ಲಾಕ್ ಹಾಕಿ ಅಂತಾರೆ. ಮಳೆಗೆ ಕರಗಲ್ವಾ? ಮೇಲೆ ಶೀಟು ಹಾಕಿದರೆ ನಡೆಯುತ್ತಾ?
– ಮಾಲೂರು

ಉತ್ತರ: ಇಟ್ಟಿಗೆ ಹೆಂಚಿನ ಊರಿನವರು ಮಣ್ಣಿನ ಬ್ಲಾಕ್ ಬಗ್ಗೆ ಕೇಳುತ್ತಿದ್ದೀರಿ, ಖುಷಿ ಆಯಿತು. ಕರಗುವುದಿಲ್ಲ, ಸರಿಯಾಗಿ ಮಾಡಿದರೆ. ಕೆಂಪು ಮಣ್ಣಿಗೆ ಮರಳು ಬೆರೆಸಿ, ನೂರಕ್ಕೆ ಆರೇಳು ಪಾಲು ಸಿಮೆಂಟ್ ಸೇರಿಸಿ, ಮೆಷಿನ್‌ನಲ್ಲಿ ಒತ್ತಿ, ಮೂರು ವಾರ ನೀರು ಹಾಕಿ ಒದ್ದೆ ಇಡಬೇಕು. ಸುಡುವ ಕೆಲಸವಿಲ್ಲ, ಸೌದೆ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1974ರಲ್ಲಿ ‘ಅಸ್ತ್ರ’ ಅನ್ನುವ ವಿಭಾಗ ಶುರು ಮಾಡಿ ಇದರ ಮೇಲೆ ಬಹಳ ಕೆಲಸ ಮಾಡಿತು. ಆ ವಿಭಾಗದ ಹಳ್ಳಿ ಕೇಂದ್ರ ಇದ್ದದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಹೊಗೆ ಕಡಿಮೆಯ ಅಸ್ತ್ರ ಒಲೆ ಗೊತ್ತಲ್ಲ, ಅದೂ ಅವರದೇ.

ಎರೆಮಣ್ಣು ಆಗುವುದಿಲ್ಲ. ಗಾಜಿನ ಬಾಟಲಿಗೆ ಮಣ್ಣು ನೀರು ಹಾಕಿ ಕುಲುಕಿ ರಾತ್ರಿ ಬಿಡಿ, ಕೆಳಗೆ ಮರಳು, ಮೇಲೆ ಜಿಗಟು ನಿಲ್ಲುತ್ತದೆ. ಜಿಗಟು ಜಾಸ್ತಿ ಕಂಡರೆ ಮರಳು ಸೇರಿಸಿ. ಒದ್ದೆ ಇಟ್ಟು ಗಟ್ಟಿಯಾದ ಬ್ಲಾಕನ್ನು ಎರಡು ದಿನ ಬಕೆಟ್‌ನಲ್ಲಿ ಮುಳುಗಿಸಿಡಿ, ಅಂಚು ಉದುರಿದರೆ ಆ ಲೋಡು ಬೇಡ. ಸೂರು ಎರಡು ಅಡಿಯಾದರೂ ಹೊರಗೆ ಚಾಚಲಿ.

ಶೀಟು ನಡೆಯುತ್ತದೆ, ಆದರೆ ನೇರ ತಲೆ ಮೇಲೆ ಬೇಡ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಫ್ರಾನ್ಸಿಸ್ ಕೆರೆ ಅನ್ನುವ ಆರ್ಕಿಟೆಕ್ಟ್ 2001ರಲ್ಲಿ ತಮ್ಮೂರು ಗ್ಯಾಂಡೊದಲ್ಲಿ ಮಣ್ಣಿನ ಇಟ್ಟಿಗೆಯ ಶಾಲೆ ಕಟ್ಟಿದರು. ಊರಿನವರೇ ಕೈ ಹಾಕಿ ಕಟ್ಟಿದ್ದು. ಕೋಣೆಗೆ ಒಂದು ಇಟ್ಟಿಗೆಯ ಒಳಮಾಡು, ಅದರ ಮೇಲೆ ಜಾಗ ಬಿಟ್ಟು ಶೀಟು. ನಡುವೆ ಗಾಳಿ ಹರಿದು ಸೆಕೆ ಹೊರಟುಹೋಗುತ್ತದೆ. 2022ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಆರ್ಕಿಟೆಕ್ಟ್‌ಗಳಿಗೆ ಕೊಡುವ ಬಹಳ ದೊಡ್ಡ ಪ್ರಶಸ್ತಿ ಅದು. ಹೆಸರು ಕೇಳಿದರೆ ನಮ್ಮ ಕೋಲಾರದವರೇ ಇರಬೇಕು ಅನ್ನಿಸುತ್ತದೆ!

ಪ್ರಶ್ನೆ: ನಮ್ಮ ಭವನದಲ್ಲಿ ಗ್ರಾಮಸಭೆ ಮಾಡಿದರೆ ಮೈಕಿನಲ್ಲಿ ಏನು ಹೇಳಿದರೂ ಗೊಂಯ್ ಅನ್ನುತ್ತದೆ. ಏನು ಮಾಡಬೇಕು?
– ಗೌರಿಬಿದನೂರು

ಉತ್ತರ: ಗ್ರಾನೈಟ್ ನೆಲ, ಬೋಳು ಗೋಡೆ, ಬೋಳು ತಾರಸಿ. ಶಬ್ದ ಇಂಗಲು ಜಾಗವೇ ಇಲ್ಲ. ವಾಲ್ಯೂಮ್ ಜಾಸ್ತಿ ಮಾಡಿದಷ್ಟೂ ಇನ್ನೂ ಗೊಂಯ್. ಕಿಟಕಿಗಳನ್ನೆಲ್ಲ ತೆರೆದಿಡಿ, ನೆಲಕ್ಕೆ ಜಮಖಾನ ಹಾಸಿ, ಮೈಕಿನ ಎದುರಿನ ಗೋಡೆಗೆ ದಪ್ಪ ಬಟ್ಟೆಯ ಪರದೆ ಇಳಿಬಿಡಿ. ಒಂದೇ ದೊಡ್ಡ ಸ್ಪೀಕರ್ ಬದಲು ಜನರ ಹತ್ತಿರ ನಾಲ್ಕು ಸಣ್ಣವನ್ನು ಇಟ್ಟು ದನಿ ತಗ್ಗಿಸಿ. ಯಾರೋ ಮೊಟ್ಟೆ ಟ್ರೇ ಅಂಟಿಸಿ ಅಂತ ಹೇಳಿಯೇ ಹೇಳುತ್ತಾರೆ. ಅದು ಬೇಡ, ಭವನ ಅಂದಮೇಲೆ ಪಕ್ಕದಲ್ಲೇ ಅಡುಗೆಮನೆ ಇರುತ್ತದೆ, ಬೆಂಕಿ ಹತ್ತಿದರೆ ಕಷ್ಟ.